ಯಜಮಾನರ ಬೈಕಿಗೆ ಹೊಸ ಬ್ರೇಕು

ಸಾರಿನ ಪುಡಿಯ ಅಳತೆ, ಮಕ್ಕಳ ಕೆಮ್ಮಿಗೆ ಕಷಾಯ, ಹಳೆಯ ಸೀರೆಯಲ್ಲಿ ಕೌದಿ ಹೊಲಿಯುವ ಬಗೆ, ಇವನ್ನು ಓದಲು ಪುಟ ತೆರೆದ ಸೋದರಿಯರು ‘ಇದೇನಪ್ಪ, ಬೈಕಿನ ಬ್ರೇಕಿನ ಮಾತು ಇಲ್ಲಿ?’ ಎಂದು ಹುಬ್ಬೇರಿಸಬಹುದು. ನಮ್ಮ ಯಜಮಾನರೂ ಹಾಗೇ ಹುಬ್ಬೇರಿಸಿದರು. ‘ನಿಂಗೆಂತಕ್ಕೆ ಅದರ ಉಸಾಬರಿ?’ ಎಂದರು. ಉಸಾಬರಿ ಇದೆ. ಬೈಕು ಅವರ ಹೆಸರಿನಲ್ಲಿದ್ದರೂ ಹಿಂದಿನ ಸೀಟಿನಲ್ಲಿ ಕೂರುವವಳು ನಾನು. ಮುಂದೆ ಕೂತವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ಲಾದರೂ ಇದೆ. ನಮಗೆ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ತರಕಾರಿ ಚೀಲ. ಬೈಕು ನಿಂತರೆ ನಾವೂ ನಿಂತೆವು, ನಿಲ್ಲದಿದ್ದರೆ ದೇವರೇ ಗತಿ!

ನಮ್ಮದು ಮಲೆನಾಡಿನ ತೀರ್ಥಹಳ್ಳಿ. ಯಾವ ದಿಕ್ಕಿಗೆ ಹೊರಟರೂ ಏರು, ಇಳಿತ, ತಿರುವು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ. ನಮ್ಮ ಮನೆಯಲ್ಲಿರುವುದು 2008ರಲ್ಲಿ ಕೊಂಡ ನೂರೈವತ್ತು ಸಿ.ಸಿ. ಬೈಕು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಹಿಂದಿನದಕ್ಕೆ ಡ್ರಮ್ ಬ್ರೇಕು. ಹದಿನೈದು ವರ್ಷ ತುಂಬಿ 2023ರಲ್ಲಿ ಆರ್.ಸಿ. ನವೀಕರಿಸುವಾಗ ಹೊಸ ಬೈಕಿನ ಮಾತು ಬಂದಿತ್ತು. ಆದರೆ ಮಗಳ ಕಾಲೇಜು ಫೀಸು, ಸೋರುವ ಮಾಡಿನ ಹಂಚು ಎರಡೂ ಅದೇ ವರ್ಷ ಎದುರಿಗೆ ನಿಂತವು. ಸರಿ, ಇನ್ನೈದು ವರ್ಷ ಇದೇ ಇರಲಿ ಎಂದಾಯಿತು.

ಯಜಮಾನರಿಗೆ ಬೈಕಿನ ಮೇಲೆ ಅಕ್ಕರೆಯೇನೂ ಕಡಿಮೆಯಿಲ್ಲ. ಭಾನುವಾರ ಬಂತೆಂದರೆ ತೊಳೆದು, ಒರೆಸಿ, ಟ್ಯಾಂಕಿನಲ್ಲಿ ಮುಖ ಕಾಣುವಂತೆ ಪಾಲಿಶ್ ಹಾಕುತ್ತಾರೆ. ಆಯುಧ ಪೂಜೆಗೆ ಚೆಂಡು ಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ಎಂಜಿನ್ ಆಯಿಲ್ ತಪ್ಪದೆ ಬದಲಾಗುತ್ತದೆ. ಆದರೆ ಹದಿನಾರು ವರ್ಷದಲ್ಲಿ ಮುಂದಿನ ಬ್ರೇಕಿನ ಹೋಸ್ ಪೈಪನ್ನು ಒಂದು ಸಲವೂ ಬದಲಿಸಿರಲಿಲ್ಲ. ನಮ್ಮ ಬೀದಿಯಲ್ಲಿ ಹಳೆ ಬೈಕು ಇರುವ ಮನೆಗಳಲ್ಲಿ ವಿಚಾರಿಸಿದೆ. ಎಲ್ಲರದೂ ಇದೇ ಕಥೆ.

ಘಾಟಿ ಇಳಿಯುವಾಗ

2024ರ ಮೇ ತಿಂಗಳಲ್ಲಿ ಹೆಬ್ರಿಯ ಕಡೆ ನೆಂಟರ ಮನೆ ಮದುವೆ. ಬಸ್ಸಿನ ಹೊತ್ತು ಮುಹೂರ್ತಕ್ಕೆ ಹೊಂದಲಿಲ್ಲವೆಂದು ಬೈಕಿನಲ್ಲೇ ಹೊರಟೆವು. ಆಗುಂಬೆ ದಾಟಿ ಸೋಮೇಶ್ವರಕ್ಕೆ ಇಳಿಯುವ ಘಾಟಿ ನಿಮಗೆ ಗೊತ್ತಿರಬಹುದು, ಕತ್ತರಿಸಿ ಮಡಚಿದಂತಹ ಹದಿನಾಲ್ಕು ತಿರುವುಗಳು. ಮುಂದೆ ಒಂದು ಲಾರಿ ಹೆಜ್ಜೆ ಹೆಜ್ಜೆಗೆ ನಿಂತು ನಿಂತು ಇಳಿಯುತ್ತಿತ್ತು. ಇವರು ಅದರ ಹಿಂದೆ ಮುಂದಿನ ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಬಂದರು. ಏಳೆಂಟು ತಿರುವು ಕಳೆದಿರಬೇಕು, ಸೀದ ವಾಸನೆ ಮೂಗಿಗೆ ಬಂತು. ‘ಏನೋ ಸೀದ ವಾಸನೆ’ ಎಂದೆ. ‘ಲಾರಿಯದ್ದು’ ಎಂದರು. ಮುಂದಿನ ತಿರುವಿನಲ್ಲಿ ಅವರ ಭುಜ ಬಿಗಿದದ್ದು ಹಿಂದೆ ಕೂತ ನನಗೆ ತಿಳಿಯಿತು. ಬ್ರೇಕಿನ ಲಿವರು ಬೆಂದ ಬದನೆಕಾಯಿ ಹಿಸುಕಿದ ಹಾಗೆ ಮೆತ್ತಗಾಗಿ ಹ್ಯಾಂಡಲ್ಲಿಗೇ ಬಂದು ತಾಗಿತ್ತು. ಬ್ರೇಕು ಮಾತ್ರ ಇಲ್ಲ!

ಇವರು ಗಾಬರಿಯಾಗಲಿಲ್ಲ, ಅದೊಂದು ಪುಣ್ಯ. ಗೇರು ಇಳಿಸಿ, ಹಿಂದಿನ ಬ್ರೇಕು ತುಳಿದು, ಗುಡ್ಡದ ಬದಿಗೆ ಒತ್ತಿಕೊಂಡು ಅಂತೂ ಒಂದು ಅಗಲ ಜಾಗದಲ್ಲಿ ನಿಲ್ಲಿಸಿದರು. ಇಬ್ಬರೂ ಮಾತಾಡಲಿಲ್ಲ. ಅರ್ಧ ಗಂಟೆ ಕಲ್ಲಿನ ಮೇಲೆ ಕೂತೆವು. ಆಮೇಲೆ ಲಿವರು ಒತ್ತಿ ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಗಟ್ಟಿಯಾಗಿತ್ತು! ಮೊದಲನೇ ಗೇರಿನಲ್ಲಿ ನಿಧಾನಕ್ಕೆ ಇಳಿದು ಮದುವೆ ಮನೆ ಸೇರಿದಾಗ ಧಾರೆ ಮುಗಿದು ಊಟದ ಎಲೆ ಹಾಕಿದ್ದರು. ವಾಪಸು ಬರುವಾಗ ನಾನು ಬಸ್ಸು ಹತ್ತಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ.

ನೀರು ಕುಡಿದ ಆಯಿಲ್

ಮರುದಿನ ಬೈಕನ್ನು ಮೆಕ್ಯಾನಿಕ್ಕಿನ ಅಂಗಡಿಗೆ ಒಯ್ಯುವಾಗ ನಾನೂ ಹೋದೆ. ನಮ್ಮ ಮೆಕ್ಯಾನಿಕ್ಕು ವಯಸ್ಸಾದವರು, ಮಿತಭಾಷಿ. ಮುಂದಿನ ಬ್ರೇಕಿನ ಡಬ್ಬಿಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿ, ‘ನೋಡಿ ಅಕ್ಕಾ, ಎಂತ ಕಾಣ್ತದೆ?’ ಎಂದರು. ಎರಡು ದಿನದ ಚಹಾದ ಡಿಕಾಕ್ಷನ್ನಿನ ಬಣ್ಣ. ‘ಹೊಸತಿದ್ದಾಗ ಇದು ತಿಳಿ ಜೇನಿನ ಹಾಗೆ ಇರ್ತದೆ’ ಎಂದರು.

ಡಿಸ್ಕ್ ಬ್ರೇಕು ಕೆಲಸ ಮಾಡುವ ರೀತಿ ಕಷ್ಟದ್ದೇನಲ್ಲ. ಹೈಸ್ಕೂಲಿನಲ್ಲಿ ಪಾಸ್ಕಲನ ನಿಯಮ ಓದಿದ್ದು ನೆನಪಿರಬಹುದು. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಲಿವರು ಒತ್ತಿದಾಗ ಹ್ಯಾಂಡಲ್ಲಿನ ಪುಟ್ಟ ಪಿಸ್ಟನ್ನು ದ್ರವವನ್ನು ತಳ್ಳುತ್ತದೆ. ಆ ಒತ್ತಡ ಹೋಸ್ ಪೈಪಿನಲ್ಲಿ ಇಳಿದು ಕೆಳಗಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಅದು ಎರಡು ಪ್ಯಾಡುಗಳನ್ನು ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಗೆ ಒತ್ತುತ್ತದೆ. ದೋಸೆ ಕಾವಲಿಯನ್ನು ಎರಡೂ ಕಡೆಯಿಂದ ಇಕ್ಕಳದಲ್ಲಿ ಹಿಡಿದ ಹಾಗೆ. ಉಜ್ಜಾಟದಿಂದ ತಟ್ಟೆ ಕಾಯುತ್ತದೆ, ಆ ಕಾವು ಪ್ಯಾಡಿನ ಮೂಲಕ ದ್ರವಕ್ಕೂ ಏರುತ್ತದೆ.

ಅಂಗಡಿಯವರು ಇದನ್ನು ‘ಬ್ರೇಕ್ ಆಯಿಲ್’ ಎನ್ನುತ್ತಾರೆ. ಹೆಸರಿಗೆ ಆಯಿಲ್, ಆದರೆ ಎಣ್ಣೆಯಲ್ಲ. (ಒಂದು ಕಾಲದಲ್ಲಿ ಹರಳೆಣ್ಣೆಗೆ ಆಲ್ಕೋಹಾಲು ಬೆರೆಸಿ ಮಾಡುತ್ತಿದ್ದುದುಂಟು. ನಮ್ಮ ಹರಳೆಣ್ಣೆ ಎಲ್ಲೆಲ್ಲಿ ಸೇವೆ ಮಾಡಿದೆ ನೋಡಿ!) ಈಗಿನದು ಗ್ಲೈಕಾಲ್ ಎಂಬ ರಾಸಾಯನಿಕದ ದ್ರವ. ಅದರ ಗುಣವೆಂದರೆ ಗಾಳಿಯ ತೇವವನ್ನು ಹೀರಿಕೊಳ್ಳುವುದು. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪಿನ ಭರಣಿ ನೀರಾಗುವುದಿಲ್ಲವೇ, ಹಾಗೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರಿನ ಹೋಸಿನ ಮೂಲಕವೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ತೇವ ಒಳಸೇರುತ್ತದೆ. ಡಾಟ್ 3 ಎಂಬ ಜಾತಿಯದ್ದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿವರೆಗೆ. ನೂರಕ್ಕೆ ಮೂರೂವರೆ ನಾಲ್ಕು ಭಾಗದಷ್ಟು ನೀರು ಸೇರಿತೆಂದರೆ ಆ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಇಬ್ಬರ ಭಾರ ಹೊತ್ತು, ಬ್ರೇಕು ಹಿಡಿದೇ ಇಳಿದಾಗ ನಮ್ಮ ಬೈಕಿನ ನೀರು ಕುಡಿದ ದ್ರವ ಕುದಿಯಿತು. ಕುದಿದರೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಲಿವರು ಗುಳ್ಳೆಯನ್ನು ಹಿಸುಕಿತೇ ಹೊರತು ಪ್ಯಾಡನ್ನು ತಳ್ಳಲಿಲ್ಲ. ಆರಿದ ಮೇಲೆ ಆವಿ ಮತ್ತೆ ದ್ರವವಾಯಿತು, ಲಿವರು ಗಟ್ಟಿಯಾಯಿತು. ಇದರಲ್ಲಿ ಮೋಸವಿರುವುದೇ ಇಲ್ಲಿ. ಊರೊಳಗೆ ಓಡಿಸಿ ನೋಡಿದರೆ ದೋಷ ಕಾಣುವುದೇ ಇಲ್ಲ.

ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಪೂರ್ತಿ ಬದಲಿಸಬೇಕೆಂದು ಬೈಕಿನ ಜೊತೆ ಬರುವ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನಮ್ಮ ಬೀರುವಿನಲ್ಲಿದ್ದ ಕೈಪಿಡಿಯಲ್ಲೂ ಇತ್ತು. ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ.

ಗ್ಯಾಸಿನ ಟ್ಯೂಬು, ಬ್ರೇಕಿನ ಟ್ಯೂಬು

ಹೋಸ್ ಪೈಪಿನ ಮಾತಿಗೆ ಬರೋಣ. ಇದು ನಮಗೆ ಗಂಡಸರಿಗಿಂತ ಚೆನ್ನಾಗಿ ಅರ್ಥವಾಗುವ ವಿಷಯ. ಅಡುಗೆಮನೆಯ ಗ್ಯಾಸಿನ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂದು ನಮಗೆ ಗೊತ್ತು. ಮೇಲೆ ನೋಡಲು ಚೆನ್ನಾಗಿಯೇ ಇದ್ದರೂ ತಾರೀಖು ಮುಗಿದರೆ ತೆಗೆಸುತ್ತೇವೆ. ಬ್ರೇಕಿನ ಹೋಸೂ ರಬ್ಬರಿನದೇ, ನಡುವೆ ದಾರದ ಹೆಣಿಗೆ. ಬಿಸಿಲು, ಮಳೆ, ಎಂಜಿನ್ನಿನ ಕಾವು ತಿಂದು ಅದೂ ಮುದಿಯಾಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ ಎಂದು ಅನೇಕ ಕೈಪಿಡಿಗಳು ಹೇಳುತ್ತವೆ. ಮುದಿಯಾದ ಹೋಸು ಲಿವರು ಒತ್ತಿದಾಗ ಸೈಕಲ್ ಟ್ಯೂಬಿನಂತೆ ಸ್ವಲ್ಪ ಉಬ್ಬುತ್ತದೆ, ನಮ್ಮ ಬೆರಳಿನ ಬಲದಲ್ಲಿ ಒಂದಿಷ್ಟು ಅಲ್ಲೇ ಸೋರಿಹೋದ ಹಾಗೆ. ಕೆಲವು ಸಲ ಒಳಗೋಡೆ ಊದಿಕೊಂಡು ದಾರಿಯೇ ಕಿರಿದಾಗಿ, ಹಿಡಿದ ಬ್ರೇಕು ಬಿಡುವುದೇ ಇಲ್ಲ. ಬೈಕು ತಳ್ಳಿದರೆ ಭಾರ, ಓಡಿಸಿದರೆ ಡಿಸ್ಕು ಸುಡುಬಿಸಿ.

ನಮ್ಮ ಹೋಸನ್ನು ಬಿಚ್ಚಿ ಬಗ್ಗಿಸಿ ತೋರಿಸಿದರು. ನೇರ ಇದ್ದಾಗ ನುಣುಪು, ಬಗ್ಗಿಸಿದರೆ ಬೇಸಿಗೆಯ ಗದ್ದೆಯಂತೆ ಬಿರುಕು.

ಹೊಸದು ಹಾಕಿಸಲು ಎರಡು ದಾರಿ. ಒಂದು, ಕಂಪನಿಯ ರಬ್ಬರ್ ಹೋಸು. ಇನ್ನೊಂದು, ಸ್ಟೀಲ್ ತಂತಿಯ ಹೆಣಿಗೆಯ ಹೋಸು. ಗೀಸರಿಗೆ ನೀರು ಹೋಗುವ ಬೆಳ್ಳಿ ಬಣ್ಣದ ಪೈಪು ನೋಡಿದ್ದೀರಲ್ಲ, ಹೊರನೋಟಕ್ಕೆ ಹಾಗೇ. ಒಳಗಡೆ ಟೆಫ್ಲಾನಿನ ಕೊಳವೆ, ನಮ್ಮ ನಾನ್‌ಸ್ಟಿಕ್ ಕಾವಲಿಗೆ ಬಳಿದಿರುತ್ತದಲ್ಲ, ಅದೇ ವಸ್ತು. ಹೊರಗೆ ಉಕ್ಕಿನ ತಂತಿಯ ಜಡೆ. ಇದು ಉಬ್ಬುವುದಿಲ್ಲ, ಹಾಗಾಗಿ ಲಿವರು ಗಟ್ಟಿಯಾಗಿ, ಬೆರಳಿನ ಮಾತು ಕೇಳುವ ಹಾಗೆ ಇರುತ್ತದೆ. ಬೇಗ ಮುದಿಯೂ ಆಗುವುದಿಲ್ಲ.

ಇದರಿಂದ ಬೈಕು ಅರ್ಧ ದೂರದಲ್ಲಿ ನಿಂತುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊನೆಗೆ ಬೈಕನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆ. ಟೈರು ಸವೆದು ಬೋಳಾಗಿದ್ದರೆ ಎಂತಹ ಹೋಸಿದ್ದೂ ವ್ಯರ್ಥ. ನಮ್ಮ ಮೆಕ್ಯಾನಿಕ್ಕೂ ಪ್ರಾಮಾಣಿಕವಾಗಿ ಹೇಳಿದರು, ‘ಹೊಸ ರಬ್ಬರ್ ಹಾಕಿದ್ರೂ ಸಾಕು ಮಾರಾಯ್ರೇ, ಮುಖ್ಯ ಆಯಿಲ್ ಬದಲಿಸೋದು’ ಎಂದು. ಇವರಿಗೆ ಸ್ಟೀಲಿನದೇ ಬೇಕೆನಿಸಿತು. ಶಿವಮೊಗ್ಗದಿಂದ ತರಿಸಿದರು. ಹೊಳೆಯುತ್ತದೆ ಎಂಬ ಆಸೆಯೂ ಇತ್ತೆಂದು ನನ್ನ ಗುಮಾನಿ.

ಪ್ಯಾಡು ಎಂಬ ಎರಡು ಬಿಲ್ಲೆ

ಪ್ಯಾಡೆಂದರೆ ಉಕ್ಕಿನ ತಗಡಿಗೆ ಅಂಟಿಸಿದ ಉಜ್ಜುವ ವಸ್ತು. ನೋಡಲು ದಪ್ಪ ಬಿಸ್ಕತ್ತಿನ ಹಾಗೆ. ಅದರ ಮೇಲೆ ಗೆರೆಯಂತೆ ಒಂದು ತೋಡು ಇರುತ್ತದೆ. ಅದು ಅಳಿಸುವಷ್ಟು ಸವೆದರೆ ಬದಲಿಸುವ ಕಾಲ ಬಂತೆಂದು ಅರ್ಥ. ಪೂರ್ತಿ ಸವೆಯುವತನಕ ಬಿಟ್ಟರೆ ತಗಡೇ ಡಿಸ್ಕನ್ನು ಕೆರೆದು ‘ಕರ್‌ರ್’ ಎನ್ನುತ್ತದೆ. ಆಮೇಲೆ ನೂರರಲ್ಲಿ ಮುಗಿಯುವ ಖರ್ಚು ಸಾವಿರಕ್ಕೆ ಹೋಯಿತು. ಡಿಸ್ಕಿಗೂ ಒಂದು ಮಿತಿ ಉಂಟು. ಎಷ್ಟು ಮಿಲಿಮೀಟರಿಗಿಂತ ತೆಳ್ಳಗಾಗಬಾರದೆಂದು ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ನಮ್ಮದು ಪುಣ್ಯಕ್ಕೆ ಆ ಮಿತಿಯೊಳಗಿತ್ತು.

ಪ್ಯಾಡಿನಲ್ಲೂ ಜಾತಿಗಳಿವೆ. ರಾಳದಲ್ಲಿ ನಾರು ಕಲಸಿ ಅಚ್ಚು ಹಾಕಿದ್ದು ಆರ್ಗ್ಯಾನಿಕ್. ಮೃದು, ಸದ್ದಿಲ್ಲ, ಡಿಸ್ಕನ್ನು ಹೆಚ್ಚು ತಿನ್ನುವುದಿಲ್ಲ, ಆದರೆ ವಿಪರೀತ ಕಾದರೆ ಹಿಡಿತ ಸಡಿಲಾಗುತ್ತದೆ. ಲೋಹದ ಪುಡಿಯನ್ನು ಕಾವು ಕೊಟ್ಟು ಒತ್ತಿ ಮಾಡಿದ್ದು ಸಿಂಟರ್ಡ್. ಮಳೆಯಲ್ಲೂ ಕಾವಿನಲ್ಲೂ ಚೆನ್ನಾಗಿ ಹಿಡಿಯುತ್ತದೆ, ಬಾಳಿಕೆ ಹೆಚ್ಚು, ಆದರೆ ಅದಕ್ಕೆ ತಕ್ಕದ್ದಲ್ಲದ ಡಿಸ್ಕನ್ನು ಬೇಗ ಸವೆಸುತ್ತದೆ. ಮಳೆನಾಡಿನವರಾದ ನಮಗೆ ಎರಡನೆಯದೇ ಸರಿ ಎನ್ನಿಸಬಹುದು. ಆದರೆ ನಮ್ಮ ಬೈಕಿನ ಡಿಸ್ಕು ಅದಕ್ಕೆಂದು ಮಾಡಿದ್ದಲ್ಲ ಎಂದು ಮೆಕ್ಯಾನಿಕ್ಕು ಬೇಡವೆಂದರು. ಬೈಕಿನ ಕಂಪನಿ ಹೇಳಿದ ಜಾತಿಯ ಪ್ಯಾಡನ್ನೇ, ರಸೀತಿ ಕೊಡುವ ಅಂಗಡಿಯಿಂದ ತಂದೆವು. ನಕಲಿ ಪ್ಯಾಡುಗಳ ಹಾವಳಿ ಇದೆ. ಅಸಲಿಯ ಅರ್ಧ ಬೆಲೆಗೆ ಸಿಕ್ಕಿತೆಂದರೆ ಅನುಮಾನ ಪಡಿ. ಅರ್ಧ ಬೆಲೆಯ ಕೇಸರಿ ಎಂತಹದೆಂದು ನಮಗೆ ಗೊತ್ತಿಲ್ಲವೇ?

ಹಳೆ ಪ್ಯಾಡಿನ ಕಪ್ಪು ಧೂಳನ್ನು ಬಾಯಲ್ಲಿ ಊದುವ ಅಭ್ಯಾಸ ಅಂಗಡಿ ಹುಡುಗರಿಗಿದೆ. ಹಿಂದಿನ ಕಾಲದ ಬ್ರೇಕುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಮಾರಿ. ಯಾವ ಧೂಳಾದರೂ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದೇ ಸರಿ. ನಾನು ಆ ಹುಡುಗನಿಗೆ ಹೇಳಿದೆ, ನಕ್ಕ, ಆದರೆ ಒರೆಸಿದ.

ಜೋಡಿಸುವುದನ್ನು ಕೂತು ನೋಡಿದೆ

ಒಂದೂವರೆ ಗಂಟೆಯ ಕೆಲಸ. ಹೋಸಿನ ಎರಡು ತುದಿಗೂ ಟೊಳ್ಳು ಬೋಲ್ಟು, ಅದಕ್ಕೆ ಬ್ಯಾಂಜೊ ಬೋಲ್ಟ್ ಎನ್ನುತ್ತಾರೆ. ಪ್ರತಿ ಬೋಲ್ಟಿಗೂ ಎರಡು ತಾಮ್ರದ ವಾಷರು. ಈ ವಾಷರು ಬಿಗಿದಾಗ ಕೊಂಚ ಚಪ್ಪಟೆಯಾಗಿ ಕೂತು ಸೋರದಂತೆ ತಡೆಯುತ್ತದೆ. ಹಳೆಯದನ್ನೇ ಮತ್ತೆ ಹಾಕಿದರೆ ಹಿಗ್ಗಿದ ಕುಕ್ಕರ್ ಗ್ಯಾಸ್ಕೆಟ್ಟಿನ ಕಥೆಯೇ. ನಾಲ್ಕು ಹೊಸ ವಾಷರಿನ ಬೆಲೆ ಒಂದು ಕಾಫಿಯಷ್ಟು. ಕೇಳಿ ಹಾಕಿಸಿ.

ಹೋಸು ಕೂರಿಸಿದ ಮೇಲೆ ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ, ಮುಂಭಾಗವನ್ನು ಒತ್ತಿ ಕುಣಿಸಿ ನೋಡಿದರು. ಎಲ್ಲೂ ಎಳೆಯಬಾರದು, ಯಾವುದಕ್ಕೂ ಉಜ್ಜಬಾರದು. ಸ್ಟೀಲಿನ ಹೆಣಿಗೆ ಉಜ್ಜಿದರೆ ಗರಗಸದಂತೆ ಎದುರಿಗಿದ್ದದ್ದನ್ನು ತಿಂದುಬಿಡುತ್ತದೆ. ಅದಕ್ಕೇ ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವುದನ್ನು ತಂದಿದ್ದರು.

ಆಮೇಲಿನದು ಗಾಳಿ ತೆಗೆಯುವ ಕೆಲಸ, ಅದಕ್ಕೆ ತಾಳ್ಮೆ ಬೇಕು. ಡಬ್ಬಿಗೆ ಹೊಸ ಡಾಟ್ 4 ತುಂಬಿದರು. ಕೆಳಗಿನ ಮೊಲೆತೊಟ್ಟಿನಂತಹ ನಿಪ್ಪಲ್ಲಿಗೆ ಸಣ್ಣ ಟ್ಯೂಬು ಸಿಕ್ಕಿಸಿ ಬಾಟಲಿಗೆ ಬಿಟ್ಟರು. ಒಬ್ಬರು ಲಿವರು ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ಲು ತೆರೆದು ಗುಳ್ಳೆ ಬಂದ ಕೂಡಲೇ ಮುಚ್ಚುವುದು, ಮುಚ್ಚಿದ ಮೇಲೆಯೇ ಲಿವರು ಬಿಡುವುದು. ಕ್ರಮ ತಪ್ಪಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬಾರದು. ಹೀಗೆ ಇಪ್ಪತ್ತು ಮೂವತ್ತು ಸಲ, ಗುಳ್ಳೆ ನಿಲ್ಲುವತನಕ. ಲಿವರು ಒತ್ತುವ ಕೆಲಸಕ್ಕೆ ಕೊನೆಗೆ ನನ್ನನ್ನೇ ಕೂರಿಸಿದರು. ಮೊದಮೊದಲು ಲಿವರು ಖಾಲಿ ಖಾಲಿ, ಒಂದು ಹೊತ್ತಿನಲ್ಲಿ ಬೆರಳಿಗೆ ಕಲ್ಲು ಸಿಕ್ಕಂತೆ ಗಟ್ಟಿಯಾಯಿತು. ಆಗ ಆದ ಸಮಾಧಾನ, ಸೋದರಿಯರೇ, ಒಬ್ಬಟ್ಟು ಹರಿಯದೆ ಎದ್ದು ಬಂದಾಗ ಆಗುತ್ತದಲ್ಲ, ಅಂತಹದು!

ನಮ್ಮೂರಿನ ಲೆಕ್ಕ ಹೇಳುವುದಾದರೆ ಸ್ಟೀಲ್ ಹೋಸಿಗೆ 1100, ಪ್ಯಾಡಿಗೆ 350, ಬ್ರೇಕ್ ಆಯಿಲ್ ಮತ್ತು ವಾಷರಿಗೆ 150, ಕೂಲಿ 300. ಒಟ್ಟು 1900 ರೂಪಾಯಿ. ಆ ಮದುವೆಗೆ ನಾವು ಮಾಡಿದ ಮುಯ್ಯಿಗಿಂತ ಕಡಿಮೆ.

ಹೊಸ ಪ್ಯಾಡು ಹಾಕಿದ ದಿನವೇ ಘಾಟಿಗೆ ಹೊರಡಬಾರದು. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಹೊಂದಿಕೊಳ್ಳಬೇಕು, ಹೊಸ ಕಾವಲಿ ಪಳಗಿಸುವ ಹಾಗೆ. ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಿಂದ ಹತ್ತಕ್ಕೆ ನಯವಾಗಿ ಇಳಿಸುವುದು, ಕಾವು ಆರಲು ಬಿಡುವುದು, ಮತ್ತೆ ಇಳಿಸುವುದು, ಹತ್ತಿಪ್ಪತ್ತು ಸಲ. ಮೊದಲ ಇನ್ನೂರು ಕಿಲೋಮೀಟರಿನಷ್ಟು ಗಕ್ಕನೆ ಬ್ರೇಕು ಹಿಡಿಯದೆ ಓಡಿಸಿದರೆ ಒಳ್ಳೆಯದು. ಮತ್ತೊಂದು ಮಾತು, ಸುಧಾರಿಸಿದ ಬ್ರೇಕು ಚುರುಕಾಗಿರುತ್ತದೆ. ಹಳೆ ಅಭ್ಯಾಸದಲ್ಲಿ ಪೂರ್ತಿ ಮುಷ್ಟಿ ಬಿಗಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಯಿತು. ಹಳೆ ಬೈಕುಗಳಲ್ಲಿ ಅದಿಲ್ಲ, ಬೆರಳೇ ಎ.ಬಿ.ಎಸ್. ಎರಡು ಬೆರಳಲ್ಲಿ, ನಿಂಬೆಹಣ್ಣು ಹಿಂಡುವ ಹಾಗೆ ಹಂತಹಂತವಾಗಿ ಒತ್ತಬೇಕು, ಹಿಂದಿನ ಬ್ರೇಕನ್ನೂ ಜೊತೆಗೆ ತುಳಿಯಬೇಕು. ಘಾಟಿಯಲ್ಲಂತೂ ಕೆಳಗಿನ ಗೇರಿನಲ್ಲಿ ಇಳಿದು, ಬ್ರೇಕು ಹಿಡಿದು ಬಿಟ್ಟು ಮಾಡಬೇಕು. ನಮ್ಮವರು ಈಗ ಹಾಗೇ ಮಾಡುತ್ತಾರೆ, ಹಿಂದೆ ಕೂತು ಎಣಿಸುವವಳಿದ್ದಾಳಲ್ಲ!

ಡ್ರಮ್ ಬ್ರೇಕಿನ ಮನೆಗಳಿಗೆ

‘ನಮ್ಮನೆಯದಕ್ಕೆ ಡಿಸ್ಕೇ ಇಲ್ಲ’ ಎನ್ನುವವರು ಬಹಳ ಮಂದಿ ಇದ್ದೀರಿ. ನಮ್ಮ ಮಾವನವರ ಕಾಲದ ಬೈಕು ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಬೈಕುಗಳದು ಎರಡೂ ಕಡೆ ಡ್ರಮ್ಮೇ. ಜಪಾನಿನ ಹೋಂಡಾ ಕಂಪನಿ 1969ರಲ್ಲೇ ಸಿ.ಬಿ. 750 ಬೈಕಿಗೆ ಮುಂದೆ ಡಿಸ್ಕ್ ಕೊಟ್ಟಿದ್ದರೂ, ನಮ್ಮ ದೇಶದ ಮನೆಗಳಿಗೆ ಅದು ಪರಿಚಯವಾದದ್ದು ಹೆಚ್ಚಾಗಿ 1999ರ ಹೀರೊ ಹೋಂಡಾ ಸಿ.ಬಿ.ಝಡ್., 2001ರ ಬಜಾಜ್ ಪಲ್ಸರ್ ಬಂದ ಮೇಲೆ. ಆಗ ಬಂದ ಬೈಕುಗಳಿಗೇ ಈಗ ಇಪ್ಪತ್ತು ದಾಟಿದೆ.

ಡ್ರಮ್ಮಿನಲ್ಲಿ ಹೋಸಿಲ್ಲ, ಆಯಿಲ್ ಇಲ್ಲ. ಮುಂದಿನದಕ್ಕೆ ಕೇಬಲ್ಲಿದೆ, ಒಳಗೆ ಬ್ರೇಕ್ ಶೂ ಇದೆ. ಕೇಬಲ್ಲಿನ ತುದಿಯಲ್ಲಿ ಎಳೆ ಬಿಚ್ಚಿದೆಯೇ, ಲಿವರು ಬಿಟ್ಟಾಗ ಥಟ್ಟನೆ ವಾಪಸಾಗುತ್ತದೆಯೇ, ನಟ್ಟು ಬಿಗಿದು ಬಿಗಿದು ಕೊನೆ ಮುಟ್ಟಿದೆಯೇ, ಇಷ್ಟು ನೋಡಿ. ಹೊಸ ಕೇಬಲ್ಲು, ಒಳ್ಳೆಯ ಶೂ ಹಾಕಿಸಿದರೆ ಹಳೆ ಡ್ರಮ್ಮೂ ಮರ್ಯಾದೆಯಿಂದ ನಿಲ್ಲುತ್ತದೆ. ಡ್ರಮ್ಮನ್ನು ಕಿತ್ತು ಡಿಸ್ಕು ಕೂರಿಸುತ್ತೇವೆ ಎನ್ನುವವರಿದ್ದಾರೆ. ಅದಕ್ಕೆ ಚಕ್ರದ ಗುಂಬವೂ ಮುಂದಿನ ಕಾಲುಗಳೂ ಬೇರೆಯೇ ಬೇಕು. ಮಕ್ಕಳು ಹಟ ಮಾಡಿದರೂ ಅದಕ್ಕೆ ದುಡ್ಡು ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಮನೆಯವರೇ ಅಂಗಳದಲ್ಲಿ ಬ್ರೇಕ್ ಆಯಿಲ್ ಬದಲಿಸಿದರೆ ನಾವು ಕಣ್ಣಿಡಬೇಕಾದ್ದು ಹೊರತೆಗೆದ ಹಳೆ ದ್ರವದ ಮೇಲೆ. ಅದನ್ನು ಕುಡಿಯುವ ನೀರಿನ ಬಾಟಲಿಗೋ ಶರಬತ್ತಿನ ಬಾಟಲಿಗೋ ಹಿಡಿದು ಜಗಲಿಯ ಮೂಲೆಯಲ್ಲಿ ಇಟ್ಟು ಮರೆಯುತ್ತಾರೆ. ಬಣ್ಣ ಶರಬತ್ತಿನಂತೆಯೇ ಇರುತ್ತದೆ, ಹೊಟ್ಟೆಗೆ ಹೋದರೆ ವಿಷ. ಮಕ್ಕಳಿರುವ ಮನೆಯಲ್ಲಿ ಒಂದು ಗಳಿಗೆಯೂ ಹಾಗಿಡಬಾರದು. ಬಚ್ಚಲಿಗೋ ಬಾವಿಕಟ್ಟೆಯ ಬಳಿಗೋ ಸುರಿಯದೆ, ಗುರುತು ಹಚ್ಚಿದ ಡಬ್ಬಿಯಲ್ಲಿ ಮುಚ್ಚಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟುಬಿಡಿ. ಟ್ಯಾಂಕಿನ ಮೇಲೆ ಚೆಲ್ಲಿದರೆ ಬಣ್ಣವನ್ನೇ ಕಿತ್ತುಬಿಡುತ್ತದೆ, ಒಣಬಟ್ಟೆಯಲ್ಲಿ ಉಜ್ಜುತ್ತಾ ಕೂರದೆ ಕೂಡಲೇ ಧಾರಾಳ ನೀರು ಹೊಯ್ಯಬೇಕು. ಮೈಗೆ ತಾಗಿದರೂ ಅಷ್ಟೇ, ಮೊದಲು ನೀರು, ಆಮೇಲೆ ಸೋಪು. ಸೀಲು ಒಡೆದು ಉಳಿದ ಹೊಸ ಬ್ರೇಕ್ ಆಯಿಲನ್ನೂ ಮುಂದಿನ ಸಲಕ್ಕೆಂದು ಎತ್ತಿಡುವುದು ಬೇಡ. ಅದೂ ಅಷ್ಟರಲ್ಲಿ ನೀರು ಕುಡಿದಿರುತ್ತದೆ.